ವಕೀಲರ ಗಾಡಿಯ ಎಡಗಡೆ ಸಪ್ಪಳ

ವಕೀಲ ಮೈಲಾರಲಿಂಗಪ್ಪನವರ ಮೋಟಾರು ಗಾಡಿ ಊರಿಗೆ ಬರುವ ಮೊದಲೇ ಅದರ ಸಪ್ಪಳ ಬರುತ್ತಿತ್ತು. ಎಂಜಿನ್ನಿನ ಸಪ್ಪಳವಲ್ಲ, ಅದು ಎಲ್ಲ ಗಾಡಿಗಳಿಗೂ ಇರುವಂಥದ್ದು. ಇದು ಬೇರೆ. ಮುಂದಿನ ಗಾಲಿ ಸಣ್ಣದೊಂದು ತಗ್ಗಿಗೆ ಇಳಿದರೆ ಸಾಕು, ಗಾಡಿಯ ಹೊಟ್ಟೆಯೊಳಗೆ ಯಾರೋ ಸುತ್ತಿಗೆಯಿಂದ ಹೊಡೆದಂತೆ ಠಕ್ ಅನ್ನುತ್ತಿತ್ತು. ಅದರ ಜೊತೆಗೇ ಡ್ರೈವರನ ಕೈಯಲ್ಲಿದ್ದ ಸ್ಟೇರಿಂಗ್ ಚಕ್ರ ಎಡಕ್ಕೊಮ್ಮೆ ಜಗ್ಗಿ ಬಿಡುತ್ತಿತ್ತು. ಲಿಂಗಸುಗೂರಿನಿಂದ ಮಸ್ಕಿ, ಮಸ್ಕಿಯಿಂದ ಸಿಂಧನೂರು, ಈ ದಾರಿಯಲ್ಲಿ ತಗ್ಗುಗಳಿಗೇನು ಬರ? ನಿಜಾಮ್ ಸರ್ಕಾರ ಆ ರಸ್ತೆಗೆ ಗರಸು ಹಾಕಿಸಿದ್ದು ಯಾವ ಕಾಲದಲ್ಲೋ. ಅದೆಲ್ಲ ಎರೆಮಣ್ಣಿನೊಳಗೆ ಇಳಿದುಹೋಗಿ ಮೇಲೆ ಬಂಡಿಗಳ ಜಾಡು ಮಾತ್ರ ಉಳಿದಿತ್ತು. ಹೀಗಾಗಿ ವಕೀಲರ ಗಾಡಿ ಬಡಿದುಕೊಳ್ಳುತ್ತಲೇ ಹೋಗುತ್ತಿತ್ತು, ಬಡಿದುಕೊಳ್ಳುತ್ತಲೇ ಬರುತ್ತಿತ್ತು.

ಸಿಂಧನೂರಿನ ಅದಾಲತ್ತಿನ ಕಟ್ಟೆಯ ಮೇಲೆ ಕಾಯುತ್ತಿದ್ದ ಕಕ್ಷಿದಾರರು ಆ ಸಪ್ಪಳ ಕೇಳಿ ರುಮಾಲು ಸರಿಮಾಡಿಕೊಂಡು ಎದ್ದು ನಿಲ್ಲುತ್ತಿದ್ದರು. ಮಸ್ಕಿಯ ಚಹಾದಂಗಡಿಯಲ್ಲಿ ಕುಳಿತವರು ಮಾತ್ರ "ಕಂಬಾರ ಬಂದ್ನಪಾ" ಎಂದು ನಗುತ್ತಿದ್ದರು. ವಕೀಲರಿಗೆ ಮೊದಲನೆಯದು ಗೊತ್ತಿತ್ತು. ಎರಡನೆಯದನ್ನು ಯಾರೋ ಪುಣ್ಯಾತ್ಮರು ಅವರ ಕಿವಿಗೆ ಹಾಕಿದರು. ಅಂದಿನಿಂದ ಆ ಸಪ್ಪಳ ಅವರಿಗೆ ತಲೆನೋವಾಯಿತು.

ಮೈಲಾರಲಿಂಗಪ್ಪನವರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟವರ ಕಥೆ ಯಾರು ಬೇಕಾದರೂ ಹೇಳಬಹುದು, ಅದಕ್ಕೆ ನಾನೇ ಬೇಕಾಗಿಲ್ಲ. ಅವರಪ್ಪ ಮುದುಕಪ್ಪ ಸಾಲಗುಂದದ ಹೊಲಗಳಲ್ಲಿ ಕುರಿ ಕಾಯ್ದವನು. ಮಗ ರಾಯಚೂರಿಗೆ ಹೋಗಿ ಉರ್ದು ಕಲಿತ, ಹೈದರಾಬಾದಿಗೆ ಹೋಗಿ ವಕಾಲತ್ತು ಪಾಸು ಮಾಡಿದ, ಕರೀ ಶೇರವಾನಿ ತೊಟ್ಟುಕೊಂಡು ತಿರುಗಿ ಬಂದು ಲಿಂಗಸುಗೂರಿನಲ್ಲಿ ಮನೆ ಮಾಡಿದ. ಓದುವಾಗ ರಾಯಚೂರಿನ ಸಾಹುಕಾರರೊಬ್ಬರ ಜಗಲಿಯ ಮೇಲೆ ಇದ್ದುಕೊಂಡಿದ್ದ. ಮನೆಯ ಮಕ್ಕಳು ಒಳಗೆ ಉಣ್ಣುವಾಗ ಇವನ ಊಟದ ಗಂಗಾಳ ಹೊರಗೆ ಬರುತ್ತಿತ್ತು. ಉಂಡಾದ ಮೇಲೆ ಅದನ್ನು ತಾನೇ ತೊಳೆದು ಬಿಸಿಲಲ್ಲಿ ಬೋರಲು ಹಾಕಬೇಕಿತ್ತು, ಒಳಗೆ ಒಯ್ಯುವಂತಿರಲಿಲ್ಲ. ಇದನ್ನು ವಕೀಲರು ಮರೆತಿರಲಿಲ್ಲ. ಸಭೆಗಳಲ್ಲಿ ಹೇಳುತ್ತಿದ್ದರು. ಹೇಳುವಾಗ ಅವರ ಗಂಟಲು ಕಟ್ಟುತ್ತಿತ್ತು, ಕೇಳಿದವರು ಶಲ್ಯದ ಚುಂಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ವಕೀಲರ ಗಂಗಾಳದ ಮಾತು ನಮ್ಮ ಮೂರೂ ಊರಿಗೆ ಗೊತ್ತಿತ್ತು.

ಗಾಡಿಯನ್ನು ಅವರು ಕೊಂಡದ್ದು ಹಟ್ಟಿಯ ಬಂಗಾರದ ಗಣಿ ಬಿಟ್ಟು ತನ್ನ ದೇಶಕ್ಕೆ ಹೊರಟಿದ್ದ ಒಬ್ಬ ಬಿಳಿಯ ದೊರೆಯಿಂದ. ಹಿಂದೆ ಮೂವರು ಕಾಲು ಚಾಚಿ ಕೂರುವಷ್ಟು ಅಗಲದ ಚರ್ಮದ ಸೀಟು. ಅದರ ಮೇಲೆ ಹೆಂಡತಿ ಗಿರಿಯಮ್ಮ ಒಗೆದು ಹಾಸಿದ ಬಿಳಿ ಬಟ್ಟೆ. ಅಲ್ಲಿ ಎಡ ಮೂಲೆಯಲ್ಲಿ ವಕೀಲರು ಒಬ್ಬರೇ ಕೂರುತ್ತಿದ್ದರು. ಮುಂದೆ ಡ್ರೈವರ್ ದಾದೇಸಾಬ. ಅವನ ಮಗ್ಗುಲ ಸೀಟಿನಲ್ಲಿ ಮೊಕದ್ದಮೆ ಕಾಗದಗಳ ಗಂಟು, ಧೂಳು ಕೂರದಂತೆ ಅದಕ್ಕೊಂದು ಶಾಲು ಹೊದಿಸಿರುತ್ತಿತ್ತು.

ಇನ್ನು ಲಾಲಪ್ಪ. ಎರೆ ಸೀಮೆಯಲ್ಲಿ ಮೋಟಾರು ಇಟ್ಟವರಿಗೆ ಡ್ರೈವರನಷ್ಟೇ ಅಗತ್ಯ ನೂಕುವ ಆಳು. ಕೆಸರಲ್ಲಿ ಹೂತರೆ ಎತ್ತಬೇಕು, ಬೆಳಗಿನ ಚಳಿಗೆ ಎಂಜಿನ್ನು ಮುನಿಸಿಕೊಂಡರೆ ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಬೇಕು, ದಾರಿಯಲ್ಲಿ ಬಂಡೆಗಲ್ಲು ಬಿದ್ದಿದ್ದರೆ ಉರುಳಿಸಬೇಕು. ಲಾಲಪ್ಪ ಎತ್ತರದ, ಗಟ್ಟಿ ಮೈಯ ಆಳು. ಊರ ಹೊರಗಿನ ಕೇರಿಯವನು. ಯಾರ ಬಾವಿಯನ್ನೂ ಅವನು ಮುಟ್ಟುವಂತಿರಲಿಲ್ಲ. ಆದ್ದರಿಂದ ನೀರು ಸೇದುವುದು ದಾದೇಸಾಬನ ಕೆಲಸ, ಅದನ್ನು ಎಂಜಿನ್ನಿಗೆ ಹೊಯ್ಯುವುದು ಲಾಲಪ್ಪನ ಕೆಲಸ. ಅವನ ಕೈಯ ನೀರು ಗಾಡಿಗೊಂದಕ್ಕೆ ನಡೆಯುತ್ತಿತ್ತು. ಗಾಡಿ ಹೊರಟಾಗ ಅವನು ಎಡ ಬಾಗಿಲ ಕೆಳಗಿನ ಮೆಟ್ಟಿಲು ಹಲಗೆ ಹತ್ತಿ ನಿಲ್ಲುತ್ತಿದ್ದ. ಅದಕ್ಕೆ ನಮ್ಮ ಕಡೆ ಪಾಯದಾನ ಅನ್ನುತ್ತಾರೆ. ಮುಂದಿನ ಗಾಜಿನ ಕಂಬ ಹಿಡಿದು, ದಾರಿ ನೋಡುತ್ತ, ಬಿಸಿಲಿರಲಿ ಮಳೆಯಿರಲಿ ಸಿಂಧನೂರಿನವರೆಗೂ ನಿಂತೇ ಬರುತ್ತಿದ್ದ. ವರ್ಷಾನುಗಟ್ಟಲೆ ಹೀಗೇ ನಡೆದಿತ್ತು, ಯಾರಿಗೂ ಅದರಲ್ಲಿ ವಿಶೇಷ ಕಂಡಿರಲಿಲ್ಲ.

ಸಪ್ಪಳದ ತಲೆನೋವು ಹೆಚ್ಚಾಗಲು ಕಾರಣ ಸಿಂಧನೂರಿನ ಕಿರಾಣಿ ವ್ಯಾಪಾರಿ ಗ್ಯಾನಪ್ಪ. ಅವನು ತನ್ನ ಅಂಗಡಿಯ ಮಗ್ಗುಲಲ್ಲಿ ಕನ್ನಡದ ಒಂದು ವಾಚನಾಲಯ ತೆರೆಯುವವನಿದ್ದ. ಆ ದಿನ ಸಭೆ, ಸಭೆಗೆ ಮೈಲಾರಲಿಂಗಪ್ಪನವರದೇ ಭಾಷಣ. ವಿಷಯವನ್ನೂ ಗ್ಯಾನಪ್ಪನೇ ಸೂಚಿಸಿದ್ದ: ಮನುಷ್ಯರೆಲ್ಲ ಸಮಾನರು. ಕೇರಿಯವರನ್ನೂ ಕರೆದಿದ್ದಾನೆ ಎಂಬ ಸುದ್ದಿ ಬಂದಿತ್ತು. ವಕೀಲರು ಹಿಗ್ಗಿ ಹೋದರು. ಮರುಗಳಿಗೆಯಲ್ಲೇ ಅವರಿಗೆ ಚಹಾದಂಗಡಿಯ ಕಂಬಾರ ನೆನಪಾದ. ಅಷ್ಟೆಲ್ಲ ಜನ ಸೇರಿದ ಕಡೆಗೆ ತಮ್ಮ ಗಾಡಿ ಠಕ್ ಠಕ್ ಎಂದು ಹೋಗಿ ನಿಂತರೆ ಇಜ್ಜತ್ತು ಏನು ಉಳಿಯಿತು? ಏನೇ ಆಗಲಿ, ಆ ದಿನ ಗಾಡಿ ಸದ್ದಿಲ್ಲದೆ ಸಿಂಧನೂರು ಸೇರಬೇಕು ಎಂದು ಅವರು ಹಟ ತೊಟ್ಟರು.

ಲಿಂಗಸುಗೂರಿನ ಹಸನ್‌ಸಾಬ್ ಮಿಸ್ತ್ರಿಗೆ ಗಾಡಿ ಹೋಯಿತು. ಹಸನ್‌ಸಾಬ್ ಮಾತಿನಲ್ಲಿ ದೊಡ್ಡವನು, ಕೆಲಸದಲ್ಲಿ ಅಷ್ಟಕ್ಕಷ್ಟೇ. ಜಾಲಿ ಮರದ ಕೋಲೊಂದನ್ನು ಗಾಡಿಯ ಚೌಕಟ್ಟಿಗೆ ಆನಿಸಿ, ಇನ್ನೊಂದು ತುದಿಯನ್ನು ಕಿವಿಗೆ ಹಚ್ಚಿ, ವೈದ್ಯರು ನಾಡಿ ನೋಡಿದ ಹಾಗೆ ಕಣ್ಣು ಮುಚ್ಚಿ ಕುಳಿತ. ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿ ತೂಗುವ ಕುಣಿಕೆಯ ಬುಷ್ ಸವೆದಿದೆ ಎಂದ. ಹೊಸದು ಹಾಕಿದ. ಹಳೇ ದಂಡಿನ ಛಾವಣಿಯ ಹಿಂದೆ ಮರಡಿ ಎಂಬ ಕಲ್ಲು ದಿಬ್ಬದ ಮೇಲೆ ಓಡಿಸಿ ನೋಡಿದರೆ ಗಾಡಿ ತುಟಿ ಪಿಟಕ್ ಅನ್ನಲಿಲ್ಲ. ವಕೀಲರು ಮರುದಿನ ಮಸ್ಕಿಗೆ ಹೊರಟರು, ಊರು ದಾಟುವ ಮೊದಲೇ ಠಕ್.

ಎರಡನೇ ಸಲ ಸ್ಟೇರಿಂಗ್ ದಾಂಡಿನ ಗುಂಡು ಬದಲಾಯಿತು, ಮತ್ತೊಂದು ಸಲ ಗಾಲಿ ತಿರುಗುವ ಮೊಳೆ. ಪ್ರತಿ ಸಲವೂ ಮಿಸ್ತ್ರಿ ಮತ್ತು ದಾದೇಸಾಬ ಗಾಡಿ ಒಯ್ದು ಮರಡಿ ಸುತ್ತಿಸಿ ತರುತ್ತಿದ್ದರು. ವಕೀಲರು ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು, ಬಿಸಿಲು ಸರಿದಂತೆಲ್ಲ ಲಾಲಪ್ಪ ಅವರ ತಲೆಯ ಮೇಲೆ ಛತ್ರಿ ಸರಿಸುತ್ತಿದ್ದ. ಪ್ರತಿ ಸಲವೂ ಗಾಡಿ ಸುಮ್ಮನೆ ಬರುತ್ತಿತ್ತು, ವಕೀಲರು ಏರಿ ಹೊರಟ ಮೇಲೆ ಬಡಿಯುತ್ತಿತ್ತು. ಕೊನೆಗೆ ವಕೀಲರು ನಾಲ್ಕು ಜನರ ಎದುರಿಗೆ ಹಸನ್‌ಸಾಬನನ್ನು ಮೋಸಗಾರ ಅಂದರು. ಮಿಸ್ತ್ರಿಯ ಮುಖ ಸಣ್ಣದಾಯಿತು. "ಮುದಗಲ್ಲ ಹಸನ್ ಹುಸೇನರ ಆಣಿ ಮಾಡಿ ಹೇಳತೀನ್ರಿ, ನನ್ನ ಕೈಯಾಗ ಗಾಡಿ ಸಪ್ಪಳ ಮಾಡಿಲ್ಲ" ಎಂದ. ಅವನು ಇನ್ನೇನೋ ಹೇಳುವವನಿದ್ದ. ವಕೀಲರ ಹೊಟ್ಟೆಯ ಕಡೆ ಒಮ್ಮೆ ನೋಡಿ, ನಾಲಿಗೆ ಕಚ್ಚಿಕೊಂಡು ಒಳಗೆ ಹೋದ.

ಸಭೆಯ ದಿನ ಊಟ ಮುಗಿಸಿಕೊಂಡು ಹೊರಟರು. ವಕೀಲರು ಬಿಳಿ ಬಟ್ಟೆಯ ಮೇಲೆ ಕುಳಿತು ಭಾಷಣವನ್ನು ಗಟ್ಟಿಯಾಗಿ ಅಭ್ಯಾಸ ಮಾಡತೊಡಗಿದರು. "ಬಂಧುಗಳೇ, ಹುಟ್ಟಿನಿಂದ ಯಾರೂ ಮೇಲಲ್ಲ" ಅಂದರು. ಠಕ್ ಅಂದಿತು. "ಯಾರೂ ಕೀಳಲ್ಲ" ಅಂದರು. ಮತ್ತೆ ಠಕ್. ಮಸ್ಕಿ ಬಂದಾಗ ಗುಡ್ಡದ ಕಡೆ ಕೈಮಾಡಿ, ಅಲ್ಲಿನ ಬಂಡೆಯ ಮೇಲೆ ಹಳೇ ಕಾಲದ ಚಕ್ರವರ್ತಿ ಕೊರೆಸಿದ ಮಾತನ್ನು ನೆನೆದರು. ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಮೇಲಿನ ದಾರಿ ತೆರೆದಿದೆ ಎಂಬ ಅರ್ಥದ್ದು ಅದು. ಆ ಮಾತನ್ನು ಎತ್ತರದ ದನಿಯಲ್ಲಿ ಹೇಳಿ ಮುಗಿಸುವ ಹೊತ್ತಿಗೆ ಚಹಾದಂಗಡಿಯ ಎದುರಿನ ಗುಂಡಿಯಲ್ಲಿ ಗಾಲಿ ಇಳಿದು, ಎಲ್ಲಕ್ಕಿಂತ ದೊಡ್ಡ ಸಪ್ಪಳವಾಯಿತು. ಅಂಗಡಿಯೊಳಗೆ ಯಾರೋ ನಕ್ಕರು.

ವಕೀಲರು ಭಾಷಣ ಬಿಟ್ಟರು. ಸಿಟ್ಟು ಬಂದಾಗ ಅವರು ಕೂಗುತ್ತಿರಲಿಲ್ಲ, ಪಾಟೀ ಸವಾಲು ಹಾಕುತ್ತಿದ್ದರು. ಅದಾಲತ್ತಿನಲ್ಲಿ ಎಂಥ ಗಟ್ಟಿ ಸಾಕ್ಷಿಯೂ ಅವರ ಸವಾಲಿಗೆ ಬೆವರುತ್ತಿದ್ದ. ಈ ಸಪ್ಪಳವನ್ನೂ ಸಾಕ್ಷಿಯ ಕಟಕಟೆಗೆ ಹತ್ತಿಸುವುದೇ ಸರಿ ಅಂದುಕೊಂಡರು.

"ದಾದೇಸಾಬ, ಮಿಸ್ತ್ರಿ ನಿನ್ನೆ ಗಾಡಿ ಓಡಿಸಿ ನೋಡಿದ್ನೋ ಇಲ್ಲೋ?"

"ನೋಡ್ಯಾನ್ರೀ. ನಾನೂ ಸಂಗಾಟ ಇದ್ದೆ."

"ಸಪ್ಪಳ ಬಂತೇನು?"

"ಇಲ್ರೀ."

"ಆ ಮರಡಿ ದಾರಿ ಇದಕ್ಕಿಂತ ಚಲೋ ಐತೇನು?"

"ಎಲ್ಲೀದ್ರಿ, ಇದಕ್ಕಿಂತ ಕೆಟ್ಟೈತಿ."

"ಅಂದಮ್ಯಾಲ ಅಲ್ಲಿ ಬರದ ಸಪ್ಪಳ ಇಲ್ಲಿ ಯಾಕ ಬರಾಕತ್ತೈತಿ? ಅಲ್ಲಿ ಇಲ್ಲದ್ದು ಇಲ್ಲಿ ಏನೈತಿ?"

ದಾದೇಸಾಬ ಸ್ಟೇರಿಂಗ್ ಚಕ್ರವನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ಹಿಂದಿನಿಂದ ನೋಡುವವರಿಗೆ ಅವನ ಕಿವಿ ಕೆಂಪಾದದ್ದು ಕಾಣುತ್ತಿತ್ತು.

"ಹೇಳು. ಕಟಕಟಿಯೊಳಗ ನಿಂತೀನಿ ಅಂತ ತಿಳಕೊ."

"ಬ್ಯಾಡ್ರಿ ಸಾಹೇಬ್ರ. ಮಿಸ್ತ್ರಿ ಏನೋ ಅಂತಾನ, ಅವನ ಮಾತ ಏನ್ ಹಿಡೀತೀರಿ."

"ಏನಂತಾನ?"

"ನಾ ಅನ್ನಾಂಗಿಲ್ರಿ, ಅಂವ ಅಂತಾನ. ಸಾಹೇಬ್ರು ಕುಂತ್ರ ಗಾಡಿ ಬಡೀತೈತಿ, ಸಾಹೇಬ್ರು ಇಳದ್ರ ಸುಮ್ಮನಿರ್ತೈತಿ ಅಂತ. ನೀವು ಎಡಕ್ಕ ಕುಂದ್ರತೀರಿ. ಎಡಗಡೆ ಪಟ್ಟಿ ಭಾರಕ್ಕ ಕುಂತೈತಂತ. ಮುಖದ ಮುಂದ ಹ್ಯಾಂಗ ಹೇಳೋದು ಅಂತ ಸುಮ್ಮನಾಗ್ಯಾನ."

ವಕೀಲರು ಶೇರವಾನಿಯ ಅಂಚನ್ನು ಹೊಟ್ಟೆಯ ಮೇಲೆ ಎಳೆದುಕೊಂಡರು. ಮಧ್ಯಾಹ್ನ ಗಿರಿಯಮ್ಮ ಒತ್ತಾಯ ಮಾಡಿ ಬಡಿಸಿದ ಹೋಳಿಗೆ ಹೊಟ್ಟೆಯಲ್ಲಿ ಇನ್ನೂ ಹಾಗೇ ಇತ್ತು. ತಾವು ದಪ್ಪಗಿರುವುದು ತಮಗೆ ಗೊತ್ತಿದ್ದರೂ, ಅದನ್ನು ಒಬ್ಬ ಮಿಸ್ತ್ರಿ ಮತ್ತು ಒಬ್ಬ ಡ್ರೈವರ್ ಕೂಡಿ ತಮ್ಮ ಬೆನ್ನ ಹಿಂದೆ ಮಾತಾಡಿಕೊಂಡಿದ್ದಾರೆ ಎಂಬುದು ನುಂಗಲಾರದ ತುತ್ತಾಯಿತು. ಆದರೂ ವಕೀಲರಲ್ಲವೇ, ಸವಾಲು ಬಿಡಲಿಲ್ಲ.

"ನಿನ್ನೆ ಗಾಡ್ಯಾಗ ಯಾರ್ಯಾರಿದ್ರಿ?"

"ನಾನ್ರಿ, ಮಿಸ್ತ್ರಿ."

"ಇವತ್ತು?"

"ನಾನು, ನೀವು."

"ಮತ್ತ ಯಾರೂ ಇಲ್ಲ?"

"ಮತ್ತ್ಯಾರ ಅದಾರ್ರಿ?"

ಯಾರೂ ಇಲ್ಲ ಎಂದು ವಕೀಲರೂ ಒಪ್ಪಿದರು. ಕಿಟಕಿಯ ಹೊರಗೆ ಲಾಲಪ್ಪನ ಧೋತರದ ಚುಂಗು ಗಾಳಿಗೆ ಪಟಪಟ ಬಡಿಯುತ್ತಿತ್ತು.

"ನಿಂದರಸು ಗಾಡಿ" ಎಂದರು ವಕೀಲರು.

ಮಸ್ಕಿ ಹಳ್ಳ ದಾಟಿ ಆಗಿತ್ತು. ಎರಡೂ ಕಡೆ ಕಟಾವಾದ ಜೋಳದ ಹೊಲ, ದೂರದಲ್ಲಿ ಒಂದು ಒಂಟಿ ಬನ್ನಿ ಮರ. ವಕೀಲರು ಇಳಿದು ಶೇರವಾನಿ ಸರಿಮಾಡಿಕೊಂಡರು. "ಆ ಬನ್ನಿ ಗಿಡದ ತನಕ ಹೋಗು, ತಿರುಗಿಸಿಕೊಂಡು ಬಾ. ನಾ ಇಲ್ಲೇ ನಿಂತು ಕೇಳತೀನಿ. ಸುಮ್ಮನಿದ್ರ ತಪ್ಪು ನಂದು. ಬಡೀತಂದ್ರ ಆ ಮಿಸ್ತ್ರಿ ಇನ್ನ ನನ್ನ ಬಾಗಲಾ ತುಳಿಯಾಂಗಿಲ್ಲ" ಎಂದರು.

"ಖಾಲಿ ಗಾಡಿ ಒಯ್ಯಲೇನ್ರಿ?"

"ಖಾಲಿನೇ ಒಯ್ಯಿ."

ದಾದೇಸಾಬ ಗಾಡಿ ಹೊರಡಿಸಿದ. ಲಾಲಪ್ಪ ವಾಡಿಕೆಯಂತೆ ಓಡಿ ಹೋಗಿ ಪಾಯದಾನ ಹತ್ತಿದ.

ಮೊದಲ ತಗ್ಗಿಗೇ ಠಕ್ ಎಂದಿತು. ವಕೀಲರ ಮುಖ ಅರಳಿತು. ಮತ್ತೊಂದು ತಗ್ಗು, ಮತ್ತೆ ಠಕ್. ತಪ್ಪು ತಮ್ಮದಲ್ಲ. ಮೊಕದ್ದಮೆ ಗೆದ್ದಷ್ಟು ಸಂತೋಷವಾಯಿತು, ಮೀಸೆಯಡಿಯಲ್ಲಿ ನಕ್ಕರು. ನಗುತ್ತಲೇ ಅವರು ತಮ್ಮ ಗಾಡಿಯನ್ನು ನೋಡಿದರು. ಅದನ್ನು ಕೊಂಡಂದಿನಿಂದ ಅವರು ಅದರೊಳಗೆ ಕುಳಿತಿದ್ದೇ ಹೆಚ್ಚು. ದಾರಿಯ ಬದಿಗೆ ನಿಂತು ಅದು ಹೋಗುವುದನ್ನು ಒಮ್ಮೆಯೂ ನೋಡಿರಲಿಲ್ಲ.

ಹಿಂದಿನ ಸೀಟು ಖಾಲಿ. ಅದರ ಬಿಳಿ ಬಟ್ಟೆ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಮುಂದಿನ ಸೀಟಿನಲ್ಲಿ ಕಾಗದದ ಗಂಟು ಶಾಲು ಹೊದ್ದು ಕುಳಿತಿತ್ತು. ಹೊರಗೆ ಗಾಜಿನ ಕಂಬಕ್ಕೆ ಜೋತುಬಿದ್ದು ಒಬ್ಬ ಮನುಷ್ಯ ನಿಂತಿದ್ದ. ಗಾಲಿ ತಗ್ಗಿಗೆ ಇಳಿದಾಗೆಲ್ಲ ಅವನ ಭಾರಕ್ಕೆ ಗಾಡಿಯ ಎಡ ಭುಜ ಕುಸಿಯುತ್ತಿತ್ತು, ಕುಸಿದಾಗೆಲ್ಲ ಕೆಳಗಿನ ಕಬ್ಬಿಣ ಮೇಲಿನ ಕಬ್ಬಿಣಕ್ಕೆ ಹೋಗಿ ಬಡಿಯುತ್ತಿತ್ತು. ಅವನ ಮಂಡಿಗಳೂ ಅದರ ಜೊತೆಗೆ ಮಡಚಿ ಬಿಚ್ಚುತ್ತಿದ್ದವು. ಒಳಗೆ ಅಷ್ಟು ಜಾಗವಿತ್ತು. ಒಳಗೆ ಯಾರೂ ಇರಲಿಲ್ಲ. ಖಾಲಿ ಗಾಡಿಯಲ್ಲೂ ಅವನು ಹೊರಗೆ ನಿಂತಿದ್ದ, ಮತ್ತು ಅವನು ಒಳಗೆ ಕೂರಬಹುದೆಂಬುದು ದಾದೇಸಾಬನಿಗಾಗಲಿ, ಲಾಲಪ್ಪನಿಗಾಗಲಿ, ಆ ಗಳಿಗೆಯವರೆಗೆ ತಮಗಾಗಲಿ ಹೊಳೆದಿರಲಿಲ್ಲ.

ವಕೀಲರ ನಗು ಹಾಗೇ ಮುಖದ ಮೇಲೆ ಒಣಗಿತು. ಈ ನೋಟವನ್ನು ತಮ್ಮೊಬ್ಬರನ್ನು ಬಿಟ್ಟು ಎಲ್ಲರೂ ನೋಡಿದ್ದಾರೆ. ಮಸ್ಕಿಯವರು ನೋಡಿದ್ದಾರೆ, ಸಿಂಧನೂರಿನವರು ನೋಡಿದ್ದಾರೆ, ಗಂಗಾಳದ ಮಾತು ಕೇಳಿ ಕಣ್ಣೊರೆಸಿಕೊಂಡವರು ಹೊರಗೆ ಬಂದು ಇದನ್ನೇ ನೋಡಿ ಮನೆಗೆ ಹೋಗಿದ್ದಾರೆ. ಅವರಿಗೆ ಆ ಬಯಲಿನಲ್ಲಿ ಎಲ್ಲಿಯಾದರೂ ಮರೆಯಾಗಿ ನಿಲ್ಲಬೇಕು ಅನ್ನಿಸಿತು. ಸುತ್ತಲೂ ಜೋಳದ ಕೂಳೆಗಳ ಹೊರತು ಏನೂ ಇರಲಿಲ್ಲ.

ಗಾಡಿ ತಿರುಗಿ ಬಂತು. "ಬಡೀತ್ರಿ. ಮಿಸ್ತ್ರಿ ಮಾತು ಸುಳ್ಳಾತು" ಎಂದ ದಾದೇಸಾಬ, ಹಗುರಾದವನಂತೆ.

"ಲಾಲಪ್ಪ, ನೀ ಇಳಿ. ದಾದೇಸಾಬ, ಈಗ ನೀ ಒಬ್ಬನೇ ಹೋಗಿ ಬಾ."

ಗಾಡಿ ಹೋಯಿತು, ಬಂತು. ಹಕ್ಕಿಗಳ ದನಿ ಕೇಳುವಷ್ಟು ಸುಮ್ಮನೆ. ದಾದೇಸಾಬ ಇಳಿದು ಲಾಲಪ್ಪನನ್ನು ನೋಡಿದ, ಪಾಯದಾನ ನೋಡಿದ, ಮತ್ತೆ ವಕೀಲರನ್ನು ನೋಡಿ ಕಣ್ಣು ಕೆಳಗೆ ಮಾಡಿದ.

ಲಾಲಪ್ಪ ತಲೆಯ ಮೇಲಿನ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. "ತಪ್ಪಾತ್ರಿ ಎಪ್ಪಾ" ಎಂದ. "ನನ್ನ ಕಾಲ ಬುಡಕ್ಕ ಬಡೀತೈತಿ ಅಂತ ನನಗ ಗೊತ್ತಿತ್ರಿ. ಹೇಳಿದ್ರ ಗಾಡಿ ಮ್ಯಾಗಿಂದ ಇಳಸ್ತೀರಿ, ಇನ್ನೊಬ್ಬನ್ನ ಹಚಗೊಂತೀರಿ ಅಂತ ಬಾಯಿ ಮುಚಗೊಂಡು ನಿಂತಿದ್ದೆ. ನಿಮ್ಮ ಗಾಡಿ ನಾನ ಕೆಡಿಸೀನ್ರಿ."

ಅವನು ನಾಚಿಕೊಂಡಿದ್ದ. ತಾನೇ ಕಳ್ಳನೆಂಬಂತೆ ನಿಂತಿದ್ದ. ವಕೀಲರಿಗೆ ಅದು ಕಪಾಳಕ್ಕೆ ಹೊಡೆದದ್ದಕ್ಕಿಂತ ಹೆಚ್ಚಾಯಿತು. ಹೇಳಬೇಕಾದ ಮಾತು ಏನೆಂಬುದು ಅವರಿಗೆ ಗೊತ್ತಿತ್ತು: ತಪ್ಪು ನಿನ್ನದಲ್ಲ, ನನ್ನದು. ಭಾಷಣದಲ್ಲಿ ಇಂಥ ಮಾತು ಅವರ ನಾಲಿಗೆಗೆ ಎಷ್ಟು ಸಲೀಸಾಗಿ ಬರುತ್ತಿತ್ತು. ಈಗ ಬರಲಿಲ್ಲ. "ಒಳಗ ಕೂತು ನೋಡು. ಸಪ್ಪಳದ ಪರೀಕ್ಷಾ ಮಾಡೂಣು" ಎಂದರು. ಪರೀಕ್ಷೆ ಎಂಬ ಶಬ್ದ ಸಿಕ್ಕಿದ್ದಕ್ಕೆ ಅವರಿಗೆ ಒಳಗೊಳಗೆ ಸಮಾಧಾನವಾಯಿತು. ಆ ಸಮಾಧಾನಕ್ಕೆ ಮತ್ತೆ ಅವರೇ ನಾಚಿಕೊಂಡರು.

"ಒಳಗ್ರಿ?"

"ಹೂಂ. ಕೂಡು."

ವಕೀಲರು ಏರಿ ತಮ್ಮ ಮೂಲೆಯಲ್ಲಿ ಕುಳಿತ ಮೇಲೆ ಲಾಲಪ್ಪ ಕಾಲು ಜಾಡಿಸಿಕೊಂಡು, ಬಾಗಿಲಿನಲ್ಲಿ ಬಗ್ಗಿ ಒಳಗೆ ಬಂದ. ಸೀಟಿನ ಮೇಲೆ ಕೂರಲಿಲ್ಲ. ಸೀಟಿನ ಮುಂದೆ ಕಾಲಿಡುವ ಜಾಗದಲ್ಲಿ ಕುಕ್ಕರಗಾಲಲ್ಲಿ ಕುಳಿತು, ತನ್ನ ಮೈ ತಾಗದಂತೆ ಬಿಳಿ ಬಟ್ಟೆಯ ಅಂಚನ್ನು ಒಂದು ಬೆರಳಿನಿಂದ ಮೇಲಕ್ಕೆ ಮಡಚಿದ. ಮೇಲೆ ಕೂಡು ಅನ್ನಬೇಕು ಎಂದು ವಕೀಲರು ಅಂದುಕೊಂಡರು. ಗಿರಿಯಮ್ಮ ಏನನ್ನುತ್ತಾಳೋ ಎಂದೂ ಅಂದುಕೊಂಡರು. ಗಿರಿಯಮ್ಮ ಪಾಪ ಏನೂ ಅನ್ನುವವಳಲ್ಲ, ಅದೂ ಅವರಿಗೆ ಗೊತ್ತಿತ್ತು.

ಗಾಡಿ ಹೊರಟಿತು. ತಗ್ಗುಗಳು ಬಂದವು, ಹೋದವು. ಬಂಡಿಯ ಜಾಡು ಅಡ್ಡ ಬಂದಿತು. ಒಣಗಿದ ಹಳ್ಳದ ಏರು ಬಂದಿತು. ಗಾಡಿ ತೊಟ್ಟಿಲ ಹಾಗೆ ತೂಗಿತೇ ಹೊರತು ಬಡಿಯಲಿಲ್ಲ. ಸ್ಟೇರಿಂಗ್ ಚಕ್ರ ದಾದೇಸಾಬನ ಕೈಯಲ್ಲಿ ಬೆಣ್ಣೆಯಾಗಿ ತಿರುಗಿತು. "ನೋಡ್ರಿ, ಹ್ಯಾಂಗ ಹೊಂಟೈತಿ" ಎಂದು ಅವನು ತಡೆಯಲಾರದೆ ಅಂದುಬಿಟ್ಟ. ವಕೀಲರು ಬಯಸಿದ್ದು ಇದನ್ನೇ. ಸದ್ದಿಲ್ಲದ ಗಾಡಿ, ಸದ್ದಿಲ್ಲದೆ ಸಿಂಧನೂರು. ಈಗ ಅದು ಅವರ ಕೈಯಲ್ಲಿತ್ತು.

ಲಾಲಪ್ಪನೂ ಸ್ವಲ್ಪ ಹೊತ್ತಿನ ಮೇಲೆ ಭುಜ ಸಡಿಲಿಸಿ ಕುಳಿತ. ಒಮ್ಮೆ ಕಿಟಕಿಯ ಕಡೆ ಕತ್ತೆತ್ತಿ, "ಒಳಗ ಧೂಳ ಬರಂಗಿಲ್ಲ ನೋಡ್ರಿ" ಎಂದ. ಯಾರಿಗೆ ಹೇಳಿದನೋ, ತನಗೇ ಹೇಳಿಕೊಂಡಂತಿತ್ತು. ವಕೀಲರು ಹೊರಗೆ ನೋಡಿದರು.

ಸಿಂಧನೂರಿನ ಬೇವಿನ ಮರಗಳು ಕಾಣತೊಡಗಿದಾಗ ವಕೀಲರು ಶೇರವಾನಿಯ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡರು. ಗ್ಯಾನಪ್ಪ ಹಾರ ಹಿಡಿದು ನಿಂತಿರುತ್ತಾನೆ. ಊರ ಹಿರಿಯರು, ವ್ಯಾಪಾರಸ್ಥರು, ಅದಾಲತ್ತಿನವರು ಇರುತ್ತಾರೆ. ಬಾಗಿಲು ತೆರೆದಾಗ ತಮ್ಮ ಕಾಲ ಬಳಿಯಿಂದ ಲಾಲಪ್ಪ ಎದ್ದು ಇಳಿಯುತ್ತಾನೆ. ಏನಾಗುತ್ತದೆ? ಒಬ್ಬಿಬ್ಬರು ಕಕ್ಷಿದಾರರು ಬೇರೆ ವಕೀಲರನ್ನು ಹಿಡಿದಾರು. ಕೆಲವರು ಮನೆಗೆ ಊಟಕ್ಕೆ ಕರೆಯುವುದನ್ನು ಬಿಟ್ಟಾರು. ತಮಗೆ ಜಗಲಿಯಿಂದ ಒಳಮನೆಗೆ ಹೋಗಲು ಇಡೀ ಆಯುಷ್ಯ ಹಿಡಿದಿತ್ತು. ಅವರು ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಹೇಳದೆಯೇ ಆಗಿಬಿಡಲಿ ಎಂದು ಕಾದರು. ನಾನು ಅವರನ್ನು ಕ್ಷಮಿಸಲಾರದ ಗಳಿಗೆ ಇದ್ದರೆ ಅದು ಇದೇ.

ಬಹಳ ಹೊತ್ತು ಕಾಯಬೇಕಾಗಲಿಲ್ಲ. "ದಾದೇಸಾಬಣ್ಣ, ಸ್ವಲ್ಪ ನಿಂದರಸು" ಎಂದ ಲಾಲಪ್ಪ. "ಊರ ಬಂತು."

ಗಾಡಿ ನಿಂತಿತು. ದಾದೇಸಾಬ ಕನ್ನಡಿಯಲ್ಲಿ ವಕೀಲರ ಮುಖ ನೋಡಿದ. ವಕೀಲರು ಕನ್ನಡಕ ತೆಗೆದು ಒರೆಸುತ್ತಿದ್ದರು. ಲಾಲಪ್ಪ ಇಳಿದ, ಬಿಳಿ ಬಟ್ಟೆಯ ಅಂಚನ್ನು ಮತ್ತೆ ಮೊದಲಿನಂತೆ ಇಳಿಬಿಟ್ಟು ಅಂಗೈಯಿಂದ ಸರಿಮಾಡಲು ಹೋಗಿ, ಮುಟ್ಟದೆ ಕೈ ಹಿಂದೆ ತೆಗೆದುಕೊಂಡ. ಬಾಗಿಲು ಹಾಕಿ ಪಾಯದಾನ ಹತ್ತಿದ.

ಠಕ್ ಠಕ್ ಎಂದು ಗಾಡಿ ಸಿಂಧನೂರು ಹೊಕ್ಕಿತು.

ಹಂದರದ ಕೆಳಗೆ ಕುಳಿತಿದ್ದವರೆಲ್ಲ ಆ ಸಪ್ಪಳಕ್ಕೆ ಎದ್ದು ನಿಂತರು. ಗ್ಯಾನಪ್ಪ ಹಾರ ಹಾಕಿ ಕೈಮುಗಿದ. "ಸಪ್ಪಳ ಕೇಳೇ ಎದ್ದ್ವಿರೀ. ಏನಾಗೇತ್ರಿ ಅದಕ್ಕ, ರಿಪೇರಿ ಆಗವಲ್ದೇನು?" ಎಂದು ಪ್ರೀತಿಯಿಂದಲೇ ಕೇಳಿದ.

"ಏನಂತ ಗೊತ್ತಾಗವಲ್ದು ಗ್ಯಾನಪ್ಪ" ಎಂದರು ವಕೀಲರು. "ನಮ್ಮ ಮಿಸ್ತ್ರಿ ಮೋಸಗಾರ ಅದಾನ."

ಗ್ಯಾನಪ್ಪ ಲಾಲಪ್ಪನ ಕಡೆ ತಿರುಗಿದ. "ಏನಲೇ, ನೀ ದಿನಾ ಅದರ ಮ್ಯಾಲೇ ನಿಂತಿರ್ತಿ. ನಿನಗೂ ತಿಳೀಲಿಲ್ಲೇನು?"

ಲಾಲಪ್ಪ ವಕೀಲರನ್ನು ಒಂದು ಸಲ ನೋಡಿದ. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ವಕೀಲರಿಗೆ ಒಂದಿಷ್ಟು ಹಗುರಾಗುತ್ತಿತ್ತು. ಸಿಟ್ಟು ಇರಲಿಲ್ಲ. ಧಣಿಗೆ ಜನರ ಮುಂದೆ ಅವಮಾನವಾಗಬಾರದು ಎಂಬ ಕಾಳಜಿ ಇತ್ತು.

"ಇಲ್ರಿ" ಎಂದ ಲಾಲಪ್ಪ. "ಮೋಟಾರಿಂದು ನಮಗೇನ್ ತಿಳೀತೈತ್ರಿ. ಸಾಹೇಬ್ರು ದಾರ್ಯಾಗ ಇಳದು ನಿಂತು ಹುಡುಕ್ಯಾರ. ಅವರಿಗೇ ಸಿಕ್ಕಿಲ್ಲ."

ವಕೀಲರನ್ನು ಕರೆದೊಯ್ದು ವೇದಿಕೆಯ ಮೇಲೆ ಕೂರಿಸಿದರು. ಗ್ಯಾನಪ್ಪ ಎದ್ದು ಸ್ವಾಗತ ಹೇಳಿದ, ವಕೀಲರ ದೊಡ್ಡ ಮನಸ್ಸನ್ನು ಹೊಗಳಿದ. ಕೇರಿಯವರೂ ಬಂದಿದ್ದರು, ಹಂದರದ ನೆರಳು ಮುಗಿದ ಕಡೆ ಬಿಸಿಲಿನಲ್ಲಿ ಬೇರೆಯಾಗಿ ಕುಳಿತಿದ್ದರು. ಲಾಲಪ್ಪ ಹೋಗಿ ಅವರ ನಡುವೆ ಕುಳಿತ. ಅವರ ಹಿಂದೆ ಗಾಡಿ ನಿಂತಿತ್ತು. ವೇದಿಕೆಯ ಎತ್ತರದಿಂದ ವಕೀಲರಿಗೆ ಅದು ಪೂರ್ತಿ ಕಾಣುತ್ತಿತ್ತು. ಪಾಯದಾನದ ಮೇಲೆ ಯಾರೂ ಇರಲಿಲ್ಲ, ಆದರೂ ಗಾಡಿ ಎಡಕ್ಕೆ ವಾಲಿಕೊಂಡು ನಿಂತಿತ್ತು. ವರ್ಷಗಟ್ಟಲೆ ಒಂದೇ ಕಡೆ ಭಾರ ಹೊತ್ತು ಅದು ಹಾಗೇ ಕುಳಿತುಬಿಟ್ಟಿತ್ತು.

ಅವರು ಎದ್ದು ನಿಂತರು. ಬಂಡೆಯ ಮಾತು ನೆನಪಾಗಲಿಲ್ಲ, ಹುಟ್ಟಿನಿಂದ ಯಾರೂ ಮೇಲಲ್ಲ ಎಂಬುದೂ ಬಾಯಿಗೆ ಬರಲಿಲ್ಲ. ಬಾಯಿಪಾಠವಾಗಿದ್ದ ಒಂದೇ ಮಾತಿಗೆ ಕೈಚಾಚಿದರು.

"ಬಂಧುಗಳೇ, ನಾನು ರಾಯಚೂರಿನಲ್ಲಿ ಓದುವಾಗ ಒಂದು ಮನೆಯ ಜಗಲಿಯ ಮೇಲೆ ನನ್ನ ಗಂಗಾಳ" ಎಂದರು. ಅಲ್ಲಿಗೆ ನಿಂತರು. ಗಂಟಲು ಕಟ್ಟಿತು. ಮತ್ತೆ ಶುರುಮಾಡಲು ನೋಡಿದರು, ಆಗಲಿಲ್ಲ. ತಲೆ ತಗ್ಗಿಸಿ, ಮೇಜಿನ ಅಂಚು ಹಿಡಿದು ಸುಮ್ಮನೆ ನಿಂತರು.

ಸಭೆಗೆ ಆ ಗಂಗಾಳದ ಕಥೆ ಗೊತ್ತಿತ್ತು. ಎಷ್ಟು ವರ್ಷವಾದರೂ ನೋವು ಹೋಗಿಲ್ಲ ನೋಡಿ ಎಂದು ಜನ ಒಬ್ಬರಿಗೊಬ್ಬರು ಪಿಸುಗುಟ್ಟಿದರು. ಗ್ಯಾನಪ್ಪ ಶಲ್ಯದ ಚುಂಗಿನಿಂದ ಕಣ್ಣು ಒರೆಸಿಕೊಂಡ. ಹೊರಗೆ ಬಿಸಿಲಲ್ಲಿ ಕುಳಿತಿದ್ದ ಲಾಲಪ್ಪನೂ ಒರೆಸಿಕೊಂಡ.